ರೆಂಡರ್ ನಡೆಯುವಾಗ ಕನ್ನಡ ಟೈಪಿಂಗ್ ತೊದಲುತ್ತಿದೆಯೇ? ಲಿನಕ್ಸ್‌ನಲ್ಲಿ ಸಿಪಿಯು ಶೆಡ್ಯೂಲರ್ ಬದಲಿಸುವ ಸಮಗ್ರ ಮಾರ್ಗದರ್ಶಿ

ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಹಗಲು ಫ್ಲೆಕ್ಸ್, ಲಗ್ನಪತ್ರಿಕೆ. ರಾತ್ರಿ ಮದುವೆ ವಿಡಿಯೊ ಎಡಿಟಿಂಗ್. ಕಂಪ್ಯೂಟರ್ ಒಂದೇ, ಕೋರ್ ನಾಲ್ಕೇ. ಲಗ್ನದ ಸೀಸನ್ ಬಂತೆಂದರೆ ಹಗಲು ರಾತ್ರಿ ಎಂಬ ಭೇದ ಇರುವುದಿಲ್ಲ. ಹಿಂದೆ ವಿಡಿಯೊ ರೆಂಡರ್ (ಎಡಿಟ್ ಮಾಡಿದ್ದೆಲ್ಲ ಸೇರಿ ಪೂರ್ತಿ ವಿಡಿಯೊ ಆಗುವ ಕೆಲಸ) ಆಗುತ್ತಿರುತ್ತದೆ, ಮುಂದೆ ಗಿರಾಕಿ ಕೂತು "ಚಿ. ರಾ." ಸರಿ ಇದೆಯಾ ಅಂತ ಸ್ಕ್ರೀನ್ ನೋಡುತ್ತಿರುತ್ತಾರೆ. ಆಗ ಕೀ ಒತ್ತಿದರೆ ಅಕ್ಷರ ಅರ್ಧ ಸೆಕೆಂಡ್ ಬಿಟ್ಟು ಬರುತ್ತದೆ. ಒತ್ತಕ್ಷರ ಹಾಕಿದರಂತೂ ಮುಗಿಯಿತು.

ಮಸ್ಕಿಯಲ್ಲಿ ಇದೇ ಕೆಲಸ ಮಾಡುವ ನನ್ನ ಚಿಕ್ಕಪ್ಪನ ಮಗ ಒಂದು ದಿನ ಫೋನ್ ಮಾಡಿದ. "ಅಣ್ಣಾ, ಟೈಪ್ ಮಾಡಿದ್ರ ಅಕ್ಷರ ತಡ ಆಗಿ ಬರಾಕತ್ತಾವ. ಹೊಸ ಸಿಸ್ಟಮ್ ತಗೊಬೇಕೇನು?" ಬೇಡ, ಮೊದಲು ಶೆಡ್ಯೂಲರ್ ನೋಡೋಣ ಎಂದೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕಮಾಂಡುಗಳನ್ನೂ ಫೋನಿನಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಕೇಳಿಸಿಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ. ಎಲ್ಲವೂ ಸಣ್ಣ ಅಕ್ಷರ, ದೊಡ್ಡದು ಬೇಕಾದ ಕಡೆ ಹೇಳುತ್ತೇನೆ. ಗೆರೆ ಅಂದರೆ ಹೈಫನ್, ಕೆಳಗೆರೆ ಅಂದರೆ ಅಂಡರ್‌ಸ್ಕೋರ್, ಓರೆಗೆರೆ ಅಂದರೆ ಸ್ಲ್ಯಾಶ್.

ಶೆಡ್ಯೂಲರ್ ಅಂದರೆ ನಾಲೆಯ ಸರದಿ

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ತುಂಗಭದ್ರಾ ಎಡದಂಡೆ ನಾಲೆಯಲ್ಲಿ ನೀರು ಕಮ್ಮಿಯಾದಾಗ ವಾರಾಬಂದಿ ಮಾಡುತ್ತಾರಲ್ಲ, ಶೆಡ್ಯೂಲರ್ ಮಾಡುವುದೂ ಅದನ್ನೇ. ನೀರು ಇರುವಷ್ಟೇ ಇರುತ್ತದೆ. ಯಾವ ತೂಬು ಯಾವಾಗ ಎತ್ತಬೇಕು, ಎಷ್ಟು ಹೊತ್ತು ಎತ್ತಬೇಕು ಅನ್ನುವುದಷ್ಟೇ ತೀರ್ಮಾನ. ನಿಮ್ಮ ಸಿಪಿಯು ನಾಲೆ ಇದ್ದ ಹಾಗೆ. ಓಡುತ್ತಿರುವ ಪ್ರೋಗ್ರಾಮುಗಳು ಹೊಲಗಳು. ರೆಂಡರ್ ಅನ್ನುವುದು ಮೇಲ್ಭಾಗದ ಭತ್ತದ ಗದ್ದೆ, ಎಷ್ಟು ಬಿಟ್ಟರೂ ಕುಡಿಯುತ್ತದೆ. ಟೈಪಿಂಗ್ ಅನ್ನುವುದು ಕೊನೆಭಾಗದವನ ಸಸಿ ಮಡಿ. ಅದಕ್ಕೆ ಬೇಕಾದದ್ದು ಒಂದು ಬೊಗಸೆ ನೀರು, ಆದರೆ ಹೊತ್ತಿಗೆ ಸರಿಯಾಗಿ ಬೇಕು.

ಹಾಗಾಗಿ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಶೆಡ್ಯೂಲರ್ ಬದಲಿಸಿದರೆ ಕಂಪ್ಯೂಟರ್ ಫಾಸ್ಟ್ ಆಗುವುದಿಲ್ಲ. ಯಾರು ಕಾಯಬೇಕು ಅನ್ನುವುದು ಬದಲಾಗುತ್ತದೆ, ಅಷ್ಟೇ. ಟೈಪಿಂಗ್ ಸಲೀಸಾದರೆ ರೆಂಡರ್ ತುಸು ತಡವಾಗಬಹುದು. ಅದು ನಿಮಗೆ ಒಪ್ಪಿಗೆಯೇ ಅಂತ ಮೊದಲು ಯೋಚಿಸಿ. ಯೂಟ್ಯೂಬ್‌ನಲ್ಲಿ "ಲಿನಕ್ಸ್ ಸ್ಪೀಡ್ ಡಬಲ್" ಅನ್ನುವವರನ್ನು ನಂಬಬೇಡಿ.

ಕನ್ನಡ ಟೈಪಿಂಗ್ ಇಂಗ್ಲಿಷಿಗಿಂತ ಜಾಸ್ತಿ ತೊದಲುತ್ತದೆ ಅನ್ನುವುದು ನಮ್ಮ ಭ್ರಮೆಯಲ್ಲ. ಇಂಗ್ಲಿಷಿನಲ್ಲಿ ಕೀ ಒತ್ತಿದರೆ ಹೆಚ್ಚು ಕಮ್ಮಿ ನೇರವಾಗಿ ಪ್ರೋಗ್ರಾಮಿಗೆ ಹೋಗುತ್ತದೆ. ಐಬಸ್ (ಒತ್ತಿದ ಕೀಗಳನ್ನು ಕನ್ನಡ ಅಕ್ಷರ ಮಾಡುವ ವ್ಯವಸ್ಥೆ) ಬಳಸಿ ಕನ್ನಡ ಒತ್ತಿದರೆ ಅದು ಮೊದಲು ಐಬಸ್ ಡೀಮನ್‌ಗೆ (ತೆರೆಮರೆಯಲ್ಲಿ ಸದಾ ಓಡುವ ಪ್ರೋಗ್ರಾಮ್), ಅಲ್ಲಿಂದ ಕನ್ನಡದ ಎಂಜಿನ್‌ಗೆ, ಅಲ್ಲಿಂದ ವಾಪಸ್ ಬಂದು ನಾವು ಡಿಸೈನ್ ಮಾಡುವ ಇಂಕ್‌ಸ್ಕೇಪ್‌ಗೆ ಹೋಗಬೇಕು. ಒಂದೊಂದೂ ಬೇರೆ ಬೇರೆ ಪ್ರೋಸೆಸ್. ಒಂದೊಂದೂ ಎದ್ದು ಸರದಿಯಲ್ಲಿ ನಿಲ್ಲಬೇಕು. ನಾಲ್ಕು ಕಡೆ ಸ್ವಲ್ಪ ಸ್ವಲ್ಪ ಕಾದರೆ ಕಣ್ಣಿಗೆ ಕಾಣುವಷ್ಟು ತಡವಾಗುತ್ತದೆ.

ಇಷ್ಟು ಇತಿಹಾಸ ಸಾಕು

2007ರಲ್ಲಿ 2.6.23 ಕರ್ನಲ್ (ಲಿನಕ್ಸ್‌ನ ಒಳತಿರುಳು) ಜೊತೆ ಇಂಗೊ ಮೋಲ್ನರ್ ಬರೆದ ಸಿಎಫ್‌ಎಸ್ ಎಂಬ ಶೆಡ್ಯೂಲರ್ ಬಂತು. ಎಲ್ಲರಿಗೂ ಸಮಪಾಲು ಅನ್ನುವುದು ಅದರ ತತ್ವ. ಆಸ್ಟ್ರೇಲಿಯಾದ ಕಾನ್ ಕೋಲಿವಾಸ್ ಅನ್ನುವವರು ವೃತ್ತಿಯಲ್ಲಿ ಅರಿವಳಿಕೆ ವೈದ್ಯರು, ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಮನೆಯ ಕಂಪ್ಯೂಟರಿಗೆ ಬೇಕಾದದ್ದೇ ಬೇರೆ ಅಂತ 2009ರಲ್ಲಿ ಬಿಎಫ್‌ಎಸ್, ಆಮೇಲೆ ಮಕ್ಸ್ ಅನ್ನುವ ಶೆಡ್ಯೂಲರ್ ಬರೆದರು. ಅವು ಮುಖ್ಯ ಕರ್ನಲ್ ಸೇರಲೇ ಇಲ್ಲ. ಬೇಕಾದವರು ಪ್ಯಾಚ್ ಹಾಕಿ, ಇಡೀ ಕರ್ನಲ್ ಕಂಪೈಲ್ ಮಾಡಿಕೊಳ್ಳಬೇಕಿತ್ತು.

2023ರ 6.6 ಕರ್ನಲ್‌ನಲ್ಲಿ ಸಿಎಫ್‌ಎಸ್ ಜಾಗಕ್ಕೆ ಇಇವಿಡಿಎಫ್ ಬಂತು. ಪೀಟರ್ ಜೈಲ್‌ಸ್ಟ್ರಾ ಇದನ್ನು ಕರ್ನಲ್‌ಗೆ ತಂದರು, ಮೂಲ ಲೆಕ್ಕಾಚಾರ ಮಾತ್ರ 1990ರ ದಶಕದ್ದು. ನಾಲೆಯ ಭಾಷೆಯಲ್ಲಿ ಹೇಳಬೇಕೆಂದರೆ, ತನ್ನ ಪಾಲಿಗಿಂತ ಕಮ್ಮಿ ನೀರು ಪಡೆದವರನ್ನು ಮೊದಲು ಸಾಲಿನಲ್ಲಿ ನಿಲ್ಲಿಸುತ್ತದೆ. ಆ ಸಾಲಿನಲ್ಲಿ ಯಾರ ಗಡುವು ಹತ್ತಿರ ಇದೆಯೋ ಅವರಿಗೆ ಮೊದಲು ತೂಬು. ಇವತ್ತು ನಿಮ್ಮ ಕಂಪ್ಯೂಟರಿನಲ್ಲಿ ಇರುವುದು ಬಹುಶಃ ಇದೇ. ಕೆಟ್ಟದ್ದೇನಲ್ಲ.

ನಿಜವಾದ ತಿರುವು 2024ರ ನವೆಂಬರಿನದು. 6.12 ಕರ್ನಲ್‌ನಲ್ಲಿ ಶೆಡ್-ಎಕ್ಸ್ಟ್ ಸೇರಿತು. ಟೆಜುನ್ ಹೊ, ಡೇವಿಡ್ ವರ್ನೆಟ್ ಮೊದಲಾದವರ ಕೆಲಸ ಇದು. ಇದರಿಂದ ಶೆಡ್ಯೂಲರನ್ನು ಬಿಪಿಎಫ್ ಪ್ರೋಗ್ರಾಮ್ (ಕರ್ನಲ್ ಒಳಗೇ ಓಡಿಸಬಹುದಾದ ಸಣ್ಣ ಪ್ರೋಗ್ರಾಮ್) ಆಗಿ ಬರೆದು, ಓಡುತ್ತಿರುವ ಕರ್ನಲ್‌ಗೇ ಸಿಕ್ಕಿಸಬಹುದು, ಬೇಡವೆಂದರೆ ತೆಗೆಯಬಹುದು. ಕಂಪೈಲ್ ಬೇಡ, ರೀಬೂಟ್ ಬೇಡ. ಮೊದಲಾದರೆ ಶೆಡ್ಯೂಲರ್ ಬದಲಿಸುವುದು ನಾಲೆಯನ್ನೇ ಅಗೆದು ಕಟ್ಟಿದ ಹಾಗೆ. ಈಗ ನೀರುಗಂಟಿಯನ್ನು ಬದಲಿಸಿದರೆ ಸಾಕು.

ಮೊದಲು ರೋಗ ಯಾವುದು ಅಂತ ತಿಳಿಯಿರಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ತಡವಾಗುವುದಕ್ಕೆ ಸಿಪಿಯು ಸರದಿಯೇ ಕಾರಣ ಅಂತ ಖಾತ್ರಿ ಮಾಡಿಕೊಳ್ಳಿ.

ರೆಂಡರ್ ಓಡಲು ಬಿಡಿ. ಟರ್ಮಿನಲ್ ತೆರೆದು ಕ್ಯಾಟ್ ಎಂದು ಒತ್ತಿ, ಸ್ಪೇಸ್ ಬಿಟ್ಟು, ಓರೆಗೆರೆ ಪ್ರೋಕ್ (ಪಿ-ಆರ್-ಒ-ಸಿ) ಓರೆಗೆರೆ ಪ್ರೆಶರ್ ಓರೆಗೆರೆ ಸಿಪಿಯು ಎಂದು ಬರೆದು ಎಂಟರ್ ಒತ್ತಿ. "ಸಮ್" ಎಂದು ಶುರುವಾಗುವ ಸಾಲಿನಲ್ಲಿ ಎವಿಜಿ10 ಅಂತ ಒಂದು ಅಂಕಿ ಇರುತ್ತದೆ. ಕಳೆದ 10 ಸೆಕೆಂಡಿನಲ್ಲಿ ಶೇಕಡಾ ಎಷ್ಟು ಹೊತ್ತು ಯಾವುದಾದರೂ ಕೆಲಸ ಸಿಪಿಯುಗಾಗಿ ಕಾಯುತ್ತಿತ್ತು ಅಂತ ಅರ್ಥ. ಅದೇ ಜಾಗದಲ್ಲಿ ಮೆಮೊರಿ, ಐಒ ಎಂಬ ಇನ್ನೆರಡು ಫೈಲುಗಳಿವೆ. ಅವನ್ನೂ ನೋಡಿ. ಸಿಪಿಯು ಅಂಕಿ ದೊಡ್ಡದು, ಉಳಿದೆರಡು ಸೊನ್ನೆಯ ಹತ್ತಿರ ಇದ್ದರೆ ಈ ಲೇಖನ ನಿಮಗೆ. ಮೆಮೊರಿ ಅಂಕಿ ಏರಿದ್ದರೆ ರ‍್ಯಾಮ್ ಸಾಲುತ್ತಿಲ್ಲ, ಯಾವ ಶೆಡ್ಯೂಲರೂ ಉಪಯೋಗಕ್ಕೆ ಬಾರದು. ಐಒ ಏರಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಬದಲಿಸಿ ಎಸ್‌ಎಸ್‌ಡಿ ಹಾಕಿಸಿ.

ಇನ್ನೊಂದು ರೋಗ ನಮ್ಮ ರಾಯಚೂರು ಸೀಮೆಯದ್ದೇ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಅಂಗಡಿಯೊಳಗಿನ ಕಂಪ್ಯೂಟರಿನ ಪಾಡು ಕೇಳಬೇಡಿ. ಸಿಪಿಯು ಕಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಸೆನ್ಸರ್ಸ್ ಅನ್ನುವ ಕಮಾಂಡ್ ಕೊಟ್ಟರೆ ಬಿಸಿ ಎಷ್ಟಿದೆ ಅಂತ ಗೊತ್ತಾಗುತ್ತದೆ. ರೆಂಡರ್ ವೇಳೆ ಅದು 95ರ ಆಸುಪಾಸು ನಿಂತಿದ್ದರೆ ಮೊದಲು ಡಬ್ಬಿ ಬಿಚ್ಚಿ ಫ್ಯಾನಿನ ಧೂಳು ತೆಗೆಯಿರಿ. ಥರ್ಮಲ್ ಪೇಸ್ಟ್ ಹಚ್ಚಿ. ಭತ್ತದ ಕಟಾವಿನ ಕಾಲದಲ್ಲಿ ನನ್ನ ಫ್ಯಾನಿನಲ್ಲಿ ಸಿಕ್ಕ ಹೊಟ್ಟಿನ ಧೂಳು ನೋಡಿದ ಮೇಲೆ, ಇದನ್ನು ಶೆಡ್ಯೂಲರ್ ತಂಟೆಗೆ ಹೋಗುವ ಮುಂಚೆ ಮಾಡಬೇಕಿತ್ತು ಅನ್ನಿಸಿತು.

ಏನೂ ಇನ್‌ಸ್ಟಾಲ್ ಮಾಡದೆ ಸಿಗುವ ಮದ್ದು

ರೋಗ ಸಿಪಿಯು ಸರದಿಯದೇ ಎಂದಾದರೂ ಹೊಸ ಶೆಡ್ಯೂಲರಿಗೆ ಹಾರಬೇಡಿ. ರೆಂಡರ್ ಪ್ರೋಗ್ರಾಮಿಗೆ "ನೀನು ಸ್ವಲ್ಪ ಹಿಂದೆ ನಿಲ್ಲು" ಅಂತ ಹೇಳಲು ಹಳೆಯ ನೈಸ್ ಕಮಾಂಡ್ ಇದೆ. ನೈಸ್, ಸ್ಪೇಸ್, ಗೆರೆ ಎನ್, ಸ್ಪೇಸ್, 19, ಸ್ಪೇಸ್, ಆಮೇಲೆ ಪ್ರೋಗ್ರಾಮಿನ ಹೆಸರು. ಸಾಮಾನ್ಯ ಪ್ರೋಗ್ರಾಮಿನ ತೂಕ ಕರ್ನಲ್ ಲೆಕ್ಕದಲ್ಲಿ 1024. ನೈಸ್ 19ರ ತೂಕ ಬರೀ 15. ಇಬ್ಬರೂ ಒಟ್ಟಿಗೆ ನೀರು ಕೇಳಿದರೆ ಯಾರಿಗೆ ಎಷ್ಟು ಸಿಗುತ್ತದೆ ನೀವೇ ಲೆಕ್ಕ ಹಾಕಿ. ಬೇರೆ ಯಾರೂ ಕೇಳದಿದ್ದಾಗ ನೈಸ್ 19ರವನಿಗೂ ಪೂರ್ತಿ ನಾಲೆ ಸಿಗುತ್ತದೆ, ಹಾಗಾಗಿ ನಷ್ಟವಿಲ್ಲ.

ಒಂದು ಎಚ್ಚರಿಕೆ. ರೆಂಡರ್ ಅರ್ಧ ಆದ ಮೇಲೆ ರಿನೈಸ್ ಮಾಡಿದರೆ ಎಷ್ಟೋ ಸಲ ಪರಿಣಾಮ ಕಾಣುವುದಿಲ್ಲ. ಮೇಲಿನ ಮುಖ್ಯ ಥ್ರೆಡ್‌ಗೆ (ಪ್ರೋಗ್ರಾಮಿನೊಳಗಿನ ಕೆಲಸದ ಎಳೆ) ಮಾತ್ರ ತಾಗುತ್ತದೆ, ಆಗಲೇ ಹುಟ್ಟಿದ ಮರಿ ಥ್ರೆಡ್‌ಗಳು ಹಳೇ ತೂಕದಲ್ಲೇ ಓಡುತ್ತಿರುತ್ತವೆ. ಅದಕ್ಕೆ ಶುರುವಿನಲ್ಲೇ ನೈಸ್ ಹಾಕಿ.

ಇದಕ್ಕಿಂತ ಗಟ್ಟಿ ದಾರಿ ಸಿಸ್ಟಮ್‌ಡಿಯದು, ಅಂದರೆ ಲಿನಕ್ಸ್‌ನಲ್ಲಿ ಸರ್ವಿಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆಯದು. ಸಿಸ್ಟಮ್‌ಡಿ ಗೆರೆ ರನ್ ಎಂದು ಕೂಡಿಸಿ ಬರೆದು, ಸ್ಪೇಸ್, ಎರಡು ಗೆರೆ ಯೂಸರ್, ಸ್ಪೇಸ್, ಎರಡು ಗೆರೆ ಸ್ಕೋಪ್, ಸ್ಪೇಸ್, ಗೆರೆ ಪಿ, ಸ್ಪೇಸ್, ಸಿಪಿಯುವೇಟ್ ಸಮ ಚಿಹ್ನೆ 20, ಸ್ಪೇಸ್, ಪ್ರೋಗ್ರಾಮಿನ ಹೆಸರು. ಸಿಪಿಯುವೇಟ್‌ನಲ್ಲಿ ಸಿಪಿಯು ಮೂರೂ ಅಕ್ಷರ ದೊಡ್ಡದು, ವೇಟ್‌ನ ಡಬ್ಲ್ಯು ಕೂಡ ದೊಡ್ಡದು, ಮಧ್ಯೆ ಸ್ಪೇಸ್ ಇಲ್ಲ. ಮಾಮೂಲಿ ತೂಕ 100. 20 ಅಂದರೆ ಅದರ ಐದನೇ ಒಂದು ಪಾಲು. ಆ ಪ್ರೋಗ್ರಾಮ್ ಎಷ್ಟು ಮರಿ ಹಾಕಿದರೂ ಎಲ್ಲ ಸೇರಿ ಅದೇ ಪಾಲಿನಲ್ಲಿ ಹಂಚಿಕೊಳ್ಳಬೇಕು.

ಮಸ್ಕಿಯ ತಮ್ಮನಿಗೆ ಇಷ್ಟರಲ್ಲೇ ಮುಕ್ಕಾಲು ಪಾಲು ಸರಿಹೋಯಿತು. ನಿಮಗೂ ಸರಿಹೋದರೆ ಇಲ್ಲಿಗೇ ನಿಲ್ಲಿಸಿ, ಚಹಾ ಕುಡಿಯಿರಿ. ಪ್ರತಿ ಸಲ ಪ್ರತಿ ಪ್ರೋಗ್ರಾಮಿಗೂ ಇದನ್ನು ಹಾಕುವುದು ಬೇಸರ ಅನ್ನುವವರು ಮುಂದೆ ಓದಿ.

ಕರ್ನಲ್ ತಯಾರಿದೆಯೇ?

ಯುನೇಮ್ (ಯು-ಎನ್-ಎ-ಎಮ್-ಇ), ಸ್ಪೇಸ್, ಗೆರೆ ಆರ್. ಬರುವ ಅಂಕಿ 6.12 ಅಥವಾ ಅದಕ್ಕಿಂತ ಮೇಲಿರಬೇಕು. 6.8 ಅಂತ ಬಂದರೆ ನೀವು ಉಬುಂಟು 24.04ರ ಮೊದಲ ಕರ್ನಲ್‌ನಲ್ಲೇ ಇದ್ದೀರಿ. ಅದಕ್ಕೆ ಎಚ್‌ಡಬ್ಲ್ಯುಇ ಎಂಬ ಹೊಸ ಕರ್ನಲ್ ಸಾಲು ಬರುತ್ತದೆ, ಅದನ್ನು ಹಾಕಿಕೊಳ್ಳಿ.

ಅಂಕಿ ಸರಿ ಇದ್ದ ಮಾತ್ರಕ್ಕೆ ಆಗಲಿಲ್ಲ. ಕರ್ನಲ್ ಕಟ್ಟಿದವರು ಈ ಸೌಲಭ್ಯವನ್ನು ಆನ್ ಮಾಡಿರಬೇಕು. ಅದನ್ನು ತಿಳಿಯಲು ಕ್ಯಾಟ್, ಸ್ಪೇಸ್, ಓರೆಗೆರೆ ಎಸ್‌ವೈಎಸ್ ಓರೆಗೆರೆ ಕರ್ನಲ್ ಓರೆಗೆರೆ ಶೆಡ್ ಕೆಳಗೆರೆ ಎಕ್ಸ್ಟ್ ಓರೆಗೆರೆ ಸ್ಟೇಟ್. ಶೆಡ್ ಅಂದರೆ ಎಸ್-ಸಿ-ಎಚ್-ಇ-ಡಿ, ಎಕ್ಸ್ಟ್ ಅಂದರೆ ಇ-ಎಕ್ಸ್-ಟಿ. "ಡಿಸೇಬಲ್ಡ್" ಅಂತ ಬಂದರೆ ಖುಷಿಪಡಿ. ಸೌಲಭ್ಯ ಇದೆ, ಸದ್ಯಕ್ಕೆ ಯಾವ ಹೊಸ ಶೆಡ್ಯೂಲರೂ ಹತ್ತಿಲ್ಲ ಅಂತ ಅರ್ಥ. ಅಂಥ ಫೈಲೇ ಇಲ್ಲ ಎಂದರೆ ನಿಮ್ಮ ಕರ್ನಲ್‌ನಲ್ಲಿ ಅದಿಲ್ಲ. ಈ ಫೈಲಿನ ದಾರಿ ನೆನಪಿಡಿ, ಮುಂದೆ ಹಲವು ಸಲ ಬೇಕಾಗುತ್ತದೆ.

ಇನ್‌ಸ್ಟಾಲ್

ಆರ್ಚ್ ಲಿನಕ್ಸ್ ಮತ್ತು ಅದರ ಬಳಗದ ಕ್ಯಾಚಿಒಎಸ್‌ನಲ್ಲಿ ಸುಲಭ. ಪ್ಯಾಕೇಜಿನ ಹೆಸರು ಎಸ್‌ಸಿಎಕ್ಸ್ ಗೆರೆ ಶೆಡ್ಸ್. ಎಸ್‌ಸಿಎಕ್ಸ್ ಅಂದರೆ ಶೆಡ್-ಎಕ್ಸ್ಟ್‌ನದೇ ಚಿಕ್ಕ ಹೆಸರು. ಸುಡೊ, ಸ್ಪೇಸ್, ಪ್ಯಾಕ್‌ಮ್ಯಾನ್, ಸ್ಪೇಸ್, ಗೆರೆ ದೊಡ್ಡ ಎಸ್, ಸ್ಪೇಸ್, ಆ ಹೆಸರು. ಕ್ಯಾಚಿಒಎಸ್‌ನಲ್ಲಿ ಎಸ್‌ಸಿಎಕ್ಸ್ ಗೆರೆ ಟೂಲ್ಸ್ ಅನ್ನುವುದನ್ನೂ ಜೊತೆಗೆ ಹಾಕಿ. ಅಲ್ಲಿ ಎಸ್‌ಸಿಎಕ್ಸ್ ಮ್ಯಾನೇಜರ್ ಎಂಬ ಕಿಟಕಿಯೂ ಸಿಗುತ್ತದೆ. ಶೆಡ್ಯೂಲರ್ ಯಾವುದು, ಪ್ರೊಫೈಲ್ ಯಾವುದು ಅಂತ ಆರಿಸಿ ಅಪ್ಲೈ ಒತ್ತಿದರೆ ಸಾಕು. ಕಮಾಂಡ್ ಕಂಡರೆ ಭಯಪಡುವವರಿಗೆ ಇದೇ ಒಳ್ಳೆಯದು.

ಫೆಡೋರಾದವರಿಗೆ ಕೋಪರ್ ಎಂಬ ಪ್ಯಾಕೇಜ್ ತಾಣದಲ್ಲಿ ಕ್ಯಾಚಿಒಎಸ್ ಆಡ್ಆನ್ ಭಂಡಾರ ಇದೆ. ನಿಮ್ಮ ಡಿಸ್ಟ್ರೊದಲ್ಲಿ (ನೀವು ಹಾಕಿಕೊಂಡ ಲಿನಕ್ಸ್ ಬಗೆ) ಪ್ಯಾಕೇಜ್ ಸಿಗದಿದ್ದರೆ ರಸ್ಟ್, ಕ್ಲ್ಯಾಂಗ್, ಲಿಬ್‌ಎಲ್ಫ್, ಲಿಬ್‌ಬಿಪಿಎಫ್‌ಗಳ ಡೆವಲಪ್‌ಮೆಂಟ್ ಪ್ಯಾಕೇಜುಗಳನ್ನು ಹಾಕಿಕೊಂಡು ಕಾರ್ಗೊ ಮೂಲಕ ಬೇಕಾದ ಒಂದೇ ಶೆಡ್ಯೂಲರನ್ನು ಕಟ್ಟಿಕೊಳ್ಳಬಹುದು. ಹಳೆ ಮಷಿನ್‌ನಲ್ಲಿ ಇದಕ್ಕೆ ಹೊತ್ತು ಹಿಡಿಯುತ್ತದೆ. ಕರೆಂಟ್ ಇರುವ ಹೊತ್ತು ನೋಡಿಕೊಳ್ಳಿ.

ಯಾವುದನ್ನು ಆರಿಸುವುದು?

ಪ್ಯಾಕೇಜ್ ಹಾಕಿದ ಮೇಲೆ ಹತ್ತಾರು ಹೆಸರು ಕಾಣುತ್ತವೆ. ಎಲ್ಲದರ ಮುಂದೆಯೂ ಎಸ್‌ಸಿಎಕ್ಸ್ ಕೆಳಗೆರೆ ಇರುತ್ತದೆ. ಗಾಬರಿಯಾಗಬೇಡಿ, ಅರ್ಧಕ್ಕರ್ಧ ನಮಗೆ ಸಂಬಂಧವಿಲ್ಲ. ಸಿಂಪಲ್ ಅನ್ನುವುದು ಕಲಿಯುವವರಿಗೆ. ಲೇಯರ್ಡ್ ದೊಡ್ಡ ಸರ್ವರುಗಳಿಗೆ, ನೀವೇ ನಿಯಮ ಬರೆದು ಕೊಡಬೇಕು. ರಸ್ಟಿ ಅನ್ನುವುದು ಎಲ್3 ಕ್ಯಾಶ್ ಹಲವಾರು ತುಂಡಾಗಿರುವ ದೊಡ್ಡ ಪ್ರೋಸೆಸರುಗಳಲ್ಲಿ ಬೆಲೆ ಬಾಳುತ್ತದೆ.

ನಮ್ಮಂಥವರಿಗೆ ಎರಡು ಸಾಕು. ಮೊದಲನೆಯದು ಬಿಪಿಎಫ್‌ಲ್ಯಾಂಡ್, ಆಂಡ್ರಿಯಾ ರಿಗಿ ಬರೆದದ್ದು. ಇದರ ಯೋಚನೆ ಸರಳ. ಯಾವ ಪ್ರೋಸೆಸ್ ಸ್ವಲ್ಪ ಓಡಿ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೋ ಅದು ಮನುಷ್ಯನಿಗಾಗಿ ಕಾಯುತ್ತಿರುವ ಪ್ರೋಸೆಸ್ ಇರಬೇಕು, ಅದಕ್ಕೆ ಮುಂದಿನ ಸಲ ಬೇಗ ದಾರಿ ಬಿಡು. ಐಬಸ್ ಸರಪಳಿಯ ಗುಣ ಇದೇ ಅಲ್ವಾ? ಕೀ ಬಂದಾಗ ಏಳುವುದು, ಒಂದಿಷ್ಟು ಮಾಡುವುದು, ಮತ್ತೆ ಮಲಗುವುದು. ನನ್ನ ಅಂಗಡಿಯಲ್ಲಿ ಓಡುತ್ತಿರುವುದು ಇದೇ.

ಎರಡನೆಯದು ಲ್ಯಾವ್ಡ್, ಎಲ್-ಎ-ವಿ-ಡಿ. ಇಗಾಲಿಯಾ ಕಂಪನಿಯ ಚಾಂಗ್ವು ಮಿನ್ ಸ್ಟೀಮ್ ಡೆಕ್ ಎಂಬ ಆಟದ ಯಂತ್ರವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಯಾವ ಕೆಲಸ ಯಾವುದನ್ನು ಎಬ್ಬಿಸುತ್ತದೆ, ಯಾವುದರಿಂದ ಎಬ್ಬಿಸಿಕೊಳ್ಳುತ್ತದೆ ಅಂತ ನೋಡಿ, ಸರಪಳಿಯ ಮಧ್ಯದಲ್ಲಿರುವುದಕ್ಕೆ ಹತ್ತಿರದ ಗಡುವು ಕೊಡುತ್ತದೆ. ಕೆಲಸ ಕಮ್ಮಿ ಇದ್ದಾಗ ಎಲ್ಲವನ್ನೂ ಕೆಲವೇ ಕೋರ್‌ಗಳಿಗೆ ಒಟ್ಟುಮಾಡಿ ಉಳಿದವನ್ನು ಮಲಗಿಸುವ ಜಾಣತನವೂ ಇದೆ. ಲ್ಯಾಪ್‌ಟಾಪ್ ಇದ್ದವರು, ಆಟ ಆಡುವವರು ಇದನ್ನು ಮೊದಲು ನೋಡಲಿ.

ಆಡಿಯೊ ರೆಕಾರ್ಡಿಂಗ್ ಮಾಡುವ ಗೆಳೆಯರು ಫ್ಲ್ಯಾಶ್ ಎಂಬುದನ್ನು ಪ್ರಯತ್ನಿಸಬಹುದು. ಆದರೆ ಗೊತ್ತಿರಲಿ, ರಿಯಲ್‌ಟೈಮ್ ಆದ್ಯತೆ ಪಡೆದ ಆಡಿಯೊ ಥ್ರೆಡ್‌ಗಳು ಇವೆಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕೂತಿರುತ್ತವೆ. ಈ ಶೆಡ್ಯೂಲರುಗಳು ಅವನ್ನು ಮುಟ್ಟುವುದೇ ಇಲ್ಲ.

ಮೊದಲ ಓಟ ಕೈಯಾರೆ

ಸೀದಾ ಸರ್ವಿಸ್ ಮಾಡಿ ಕೂರಿಸಬೇಡಿ. ಮೊದಲು ಟರ್ಮಿನಲ್‌ನಿಂದ ಓಡಿಸಿ ನೋಡಿ. ಸುಡೊ, ಸ್ಪೇಸ್, ಎಸ್‌ಸಿಎಕ್ಸ್ ಕೆಳಗೆರೆ ಬಿಪಿಎಫ್‌ಲ್ಯಾಂಡ್. ಎಂಟರ್. ಆ ಕ್ಷಣದಿಂದ ಇಡೀ ಕಂಪ್ಯೂಟರಿನ ಸರದಿ ಅದರ ಕೈಯಲ್ಲಿ. ಟರ್ಮಿನಲ್ ಹಾಗೇ ಇರಲಿ. ಇನ್ನೊಂದು ಟರ್ಮಿನಲ್‌ನಲ್ಲಿ ಆ ಸ್ಟೇಟ್ ಫೈಲನ್ನು ಮತ್ತೆ ನೋಡಿ. ಈಗ "ಎನೇಬಲ್ಡ್" ಅನ್ನಬೇಕು. ಅದೇ ಜಾಗದಲ್ಲಿ ರೂಟ್ ಎಂಬ ಫೋಲ್ಡರಿನೊಳಗೆ ಆಪ್ಸ್ (ಒ-ಪಿ-ಎಸ್) ಎಂಬ ಫೈಲಿದೆ. ಅದರಲ್ಲಿ ಶೆಡ್ಯೂಲರಿನ ಹೆಸರು ಕಾಣುತ್ತದೆ.

ಸಾಕು ಅನ್ನಿಸಿದಾಗ ಮೊದಲ ಟರ್ಮಿನಲ್‌ಗೆ ಬಂದು ಕಂಟ್ರೋಲ್ ಹಿಡಿದು ಸಿ ಒತ್ತಿ. ಹಳೆಯ ಇಇವಿಡಿಎಫ್ ವಾಪಸ್. ಒಂದು ಪ್ರೋಗ್ರಾಮೂ ಮುಚ್ಚುವುದಿಲ್ಲ, ರೆಂಡರ್ ಕೂಡ ನಿಲ್ಲುವುದಿಲ್ಲ. ಮೊದಲ ಸಲ ಇದನ್ನು ನೋಡಿದಾಗ ನನಗಂತೂ ಓಡುವ ಬಸ್ಸಿನಲ್ಲಿ ಡ್ರೈವರ್ ಬದಲಾದ ಹಾಗೆ ಅನ್ನಿಸಿತು.

ಒಂದು ಸಲಕ್ಕೆ ಒಂದೇ. ಒಂದು ಓಡುತ್ತಿರುವಾಗ ಇನ್ನೊಂದನ್ನು ಹತ್ತಿಸಲು ಹೋದರೆ ಕರ್ನಲ್ ಬಿಡುವುದಿಲ್ಲ.

ಅಳೆಯುವುದು ಹೇಗೆ

"ಏನೋ ಸ್ಮೂತ್ ಅನ್ಸುತ್ತೆ" ಅನ್ನುವುದು ಅಳತೆಯಲ್ಲ. ಹೊಸದು ಹಾಕಿದ ಉತ್ಸಾಹದಲ್ಲಿ ಎಲ್ಲವೂ ಸ್ಮೂತ್ ಅನ್ನಿಸುತ್ತದೆ.

ನಾನು ಮಾಡುವುದು ಹೀಗೆ. ಐದಾರು ನಿಮಿಷದ ಒಂದು ಕ್ಲಿಪ್ ಬೇರೆ ತೆಗೆದಿಟ್ಟಿದ್ದೇನೆ. ಅದೇ ಕ್ಲಿಪ್, ಅದೇ ಸೆಟ್ಟಿಂಗ್. ಮೊದಲು ಹಳೆಯ ಶೆಡ್ಯೂಲರಿನಲ್ಲಿ ಮೂರು ಸಲ ರೆಂಡರ್, ಆಮೇಲೆ ಹೊಸದರಲ್ಲಿ ಮೂರು ಸಲ. ಪ್ರತಿ ಸಲ ಮುಗಿಯಲು ಹಿಡಿದ ಹೊತ್ತು ಬರೆದುಕೊಂಡು ಮಧ್ಯದ ಅಂಕಿ ಹಿಡಿಯುತ್ತೇನೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಮಷಿನ್ ತಣ್ಣಗಾಗಲು ಬಿಡಬೇಕು. ಬೆಳಗಿನ ಓಟವನ್ನು ಮಧ್ಯಾಹ್ನ ಎರಡು ಗಂಟೆಯ ಓಟದ ಜೊತೆ ಹೋಲಿಸಬಾರದು, ನಮ್ಮೂರ ಬಿಸಿಲಿನಲ್ಲಿ ಅದು ಬೇರೆಯೇ ಕಂಪ್ಯೂಟರ್. ಪವರ್ ಪ್ರೊಫೈಲ್ ಎರಡೂ ಸಲ ಒಂದೇ ಇರಲಿ.

ಟೈಪಿಂಗ್ ಅಳೆಯಲು ಮೊಬೈಲ್ ಸಾಕು. ರೆಂಡರ್ ಓಡುವಾಗ ಕೀಬೋರ್ಡ್ ಮತ್ತು ಸ್ಕ್ರೀನ್ ಎರಡೂ ಕಾಣುವ ಹಾಗೆ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. "ರಾಷ್ಟ್ರ", "ಸ್ತ್ರೀ" ಅಂಥ ಒತ್ತಕ್ಷರದ ಪದಗಳನ್ನೇ ಟೈಪ್ ಮಾಡಿ. ಬೆರಳು ಕೀ ಒತ್ತಿದ್ದಕ್ಕೂ ಅಕ್ಷರ ಮೂಡಿದ್ದಕ್ಕೂ ನಡುವೆ ಎಷ್ಟು ಫ್ರೇಮ್ ಅಂತ ಎಣಿಸಿ. ವಿಡಿಯೊ ಎಡಿಟ್ ಮಾಡುವವರಿಗೆ ಫ್ರೇಮ್ ಎಣಿಸುವುದನ್ನು ನಾನು ಕಲಿಸಬೇಕಿಲ್ಲ.

ಆಗ ನೋಡಿದ ಪ್ರೆಶರ್ ಅಂಕಿಯನ್ನು ಇಲ್ಲಿ ಬಳಸಬೇಡಿ. ನಾಲ್ಕೂ ಕೋರ್ ತುಂಬಿ ರೆಂಡರ್ ಓಡುವಾಗ ಯಾರೋ ಒಬ್ಬರು ಕಾಯುತ್ತಲೇ ಇರುತ್ತಾರೆ. ಶೆಡ್ಯೂಲರ್ ಚೆನ್ನಾಗಿದ್ದರೂ ಆ ಅಂಕಿ ಏರಿಯೇ ಇರುತ್ತದೆ. ಅದು ರೋಗ ಗುರುತಿಸಲು ಮಾತ್ರ.

ಕಾಯಂ ಮಾಡುವುದು

ಒಂದು ವಾರ ಕೈಯಾರೆ ಓಡಿಸಿ ಒಪ್ಪಿಗೆಯಾದ ಮೇಲೆ ಬೂಟ್ ಆದಾಗಲೇ ಹತ್ತುವಂತೆ ಮಾಡಿ. ಇದಕ್ಕೆ ಎಸ್‌ಸಿಎಕ್ಸ್ ಕೆಳಗೆರೆ ಲೋಡರ್ ಎಂಬ ಸರ್ವಿಸ್ ಇದೆ. ಸುಡೊ, ಸಿಸ್ಟಮ್‌ಸಿಟಿಎಲ್, ಎನೇಬಲ್, ಎರಡು ಗೆರೆ ನೌ, ಆಮೇಲೆ ಆ ಸರ್ವಿಸಿನ ಹೆಸರು. ಯಾವ ಶೆಡ್ಯೂಲರ್, ಯಾವ ಮೋಡ್ ಅನ್ನುವುದನ್ನು ಅದರ ಕಾನ್ಫಿಗ್ ಫೈಲಿನಲ್ಲಿ ಡಿಫಾಲ್ಟ್ ಕೆಳಗೆರೆ ಶೆಡ್, ಡಿಫಾಲ್ಟ್ ಕೆಳಗೆರೆ ಮೋಡ್ ಎಂಬ ಎರಡು ಸಾಲಿನಲ್ಲಿ ಬರೆಯಬೇಕು. ಮ್ಯಾನೇಜರ್ ಕಿಟಕಿ ಇದ್ದವರಿಗೆ ಈ ತಾಪತ್ರಯ ಇಲ್ಲ.

ನಡುವೆ ಬದಲಿಸಲು ಎಸ್‌ಸಿಎಕ್ಸ್‌ಸಿಟಿಎಲ್ ಎಂಬ ಕಮಾಂಡ್ ಇದೆ. ಅದರ ಮುಂದೆ ಲಿಸ್ಟ್ ಅಂದರೆ ಪಟ್ಟಿ, ಗೆಟ್ ಅಂದರೆ ಈಗ ಯಾವುದಿದೆ, ಸ್ಟಾಪ್ ಅಂದರೆ ನಿಲ್ಲಿಸು.

ಇಲ್ಲಿ ಮೂರು ಕಡೆ ಎಡವುತ್ತಾರೆ. ಹಳೆಯ ಮಾರ್ಗದರ್ಶಿಗಳಲ್ಲಿ ಬರೀ ಎಸ್‌ಸಿಎಕ್ಸ್ ಎಂಬ ಇನ್ನೊಂದು ಸರ್ವಿಸ್ ಇದೆ. ಅದನ್ನೂ ಲೋಡರನ್ನೂ ಒಟ್ಟಿಗೆ ಆನ್ ಮಾಡಿದರೆ ಎರಡೂ ಜಗಳಕ್ಕೆ ಬೀಳುತ್ತವೆ, ಒಂದನ್ನೇ ಇಡಿ. ಎರಡನೆಯದು ಅನಾನಿಸಿ. ಪ್ರೋಗ್ರಾಮುಗಳ ನೈಸ್ ಅಂಕಿಯನ್ನು ತಾನಾಗಿ ಬದಲಿಸುತ್ತಿರುವ ಡೀಮನ್ ಅದು. ಒಂದು ನಾಲೆಗೆ ಇಬ್ಬರು ನೀರುಗಂಟಿಗಳು ಬೇಡ, ಅದನ್ನು ನಿಲ್ಲಿಸಿ. ಮೂರನೆಯದು ತುಂಬಾ ಜನಕ್ಕೆ ಗೊತ್ತಿಲ್ಲ. ಮೇಲೆ ಹೇಳಿದ ಸಿಪಿಯುವೇಟ್ ಉಪಾಯ ಈಗ ಕೆಲಸ ಮಾಡದೇ ಹೋಗಬಹುದು. ಅದು ಸಿಗ್ರೂಪ್‌ನ, ಅಂದರೆ ಪ್ರೋಸೆಸುಗಳ ಗುಂಪಿನ ತೂಕ. ಎಲ್ಲ ಹೊಸ ಶೆಡ್ಯೂಲರುಗಳೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡಿಮೆಸೇಜ್‌ನಲ್ಲಿ (ಡಿ-ಎಮ್-ಇ-ಎಸ್-ಜಿ, ಕರ್ನಲ್ ಬರೆದಿಟ್ಟ ಸಂದೇಶಗಳನ್ನು ತೋರಿಸುವ ಕಮಾಂಡ್) ಕೆಲವೊಮ್ಮೆ ಆ ಬಗ್ಗೆ ಎಚ್ಚರಿಕೆಯ ಸಾಲೂ ಬರುತ್ತದೆ. ನೈಸ್ ಅಂಕಿಯನ್ನು ಬಿಪಿಎಫ್‌ಲ್ಯಾಂಡ್ ಗೌರವಿಸುತ್ತದೆ, ಹಾಗಾಗಿ ನಾನು ರೆಂಡರಿಗೆ ಈಗಲೂ ನೈಸ್ ಹಾಕಿಯೇ ಓಡಿಸುತ್ತೇನೆ.

ಕೆಟ್ಟರೆ ಏನು ಮಾಡಬೇಕು

ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ್ದು ಇದೇ. ಕೊನೆಭಾಗದವನಿಗೆ ನೀರು ತಲುಪದಿದ್ದರೆ ಕೇಳುವವರು ಇಲ್ಲಿ ಇದ್ದಾರೆ. ಓಡಲು ತಯಾರಾಗಿ ನಿಂತ ಯಾವುದಾದರೂ ಕೆಲಸಕ್ಕೆ 30 ಸೆಕೆಂಡ್‌ವರೆಗೂ ಸರದಿ ಸಿಗದಿದ್ದರೆ ಕರ್ನಲ್‌ನ ಕಾವಲುಗಾರ ಹೊಸ ಶೆಡ್ಯೂಲರನ್ನು ಕಿತ್ತು ಹಾಕಿ ಹಳೆಯದನ್ನು ತರುತ್ತಾನೆ. 30 ಸೆಕೆಂಡ್ ಅನ್ನುವುದು ಗರಿಷ್ಠ ಮಿತಿ, ಶೆಡ್ಯೂಲರ್ ಬರೆದವರು ಇನ್ನೂ ಕಮ್ಮಿ ಇಡಬಹುದು. ಶೆಡ್ಯೂಲರಿನೊಳಗೆ ತಪ್ಪಾದರೂ ಹಾಗೇ. ಸ್ಕ್ರೀನ್ ಹಿಡಿದುಕೊಂಡ ಹಾಗೆ ಅನ್ನಿಸಿದರೆ ಪವರ್ ಬಟನ್ ಒತ್ತಬೇಡಿ. ಅರ್ಧ ನಿಮಿಷ ಸುಮ್ನೆ ಕೂತಿರಿ. ಆಮೇಲೆ ಡಿಮೆಸೇಜ್‌ನಲ್ಲಿ ಕಾರಣ ಬರೆದಿರುತ್ತದೆ.

ಕಾಯಲು ಆಗದಿದ್ದರೆ ಆಲ್ಟ್, ಶಿಫ್ಟ್, ಪ್ರಿಂಟ್ ಸ್ಕ್ರೀನ್ ಹಿಡಿದು ಎಸ್ ಒತ್ತಿ. ಶಿಫ್ಟ್ ಮುಖ್ಯ. ಅದಿಲ್ಲದೆ ಒತ್ತಿದರೆ ಡಿಸ್ಕ್ ಸಿಂಕ್ ಆಗುತ್ತದೆ, ಶೆಡ್ಯೂಲರ್ ಹೋಗುವುದಿಲ್ಲ. ಈ ಕೀಗಳು ಎಲ್ಲ ಡಿಸ್ಟ್ರೊಗಳಲ್ಲಿ ತೆರೆದಿರುವುದಿಲ್ಲ. ಪ್ರಯೋಗ ಮಾಡುವ ದಿನ ಸುಡೊ, ಸ್ಪೇಸ್, ಸಿಸ್‌ಸಿಟಿಎಲ್, ಸ್ಪೇಸ್, ಕರ್ನಲ್ ಚುಕ್ಕೆ ಸಿಸ್‌ಆರ್‌ಕ್ಯೂ ಸಮ ಚಿಹ್ನೆ 1 ಎಂದು ಕೊಟ್ಟಿರಿ. ರೀಬೂಟ್ ಆದರೆ ಅದು ತಾನಾಗಿ ಮೊದಲಿನ ಸ್ಥಿತಿಗೆ ಹೋಗುತ್ತದೆ.

ಬೋರ್ ಕರ್ನಲ್ ಬೇಕೇ?

ಮಸಾಹಿತೊ ಸುಝುಕಿ ಬರೆದ ಬೋರ್ ಎಂಬ ಪ್ಯಾಚ್ ಕೂಡ ಹೆಸರು ಮಾಡಿದೆ. ಒಮ್ಮೆಗೆ ಬಹಳ ಹೊತ್ತು ಸಿಪಿಯು ಎಳೆಯುವವರನ್ನು ಗುರುತಿಸಿ ಹಿಂದೆ ತಳ್ಳುವುದು ಅದರ ಕೆಲಸ. ಆದರೆ ಅದು ಇಇವಿಡಿಎಫ್‌ಗೆ ಹಾಕಿದ ತಿದ್ದುಪಡಿ. ಅದಕ್ಕಾಗಿ ಬೇರೆ ಕರ್ನಲ್ಲೇ ಹಾಕಬೇಕು. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಕರ್ನಲ್ ಏಳುವುದಿಲ್ಲ. ಎನ್‌ವಿಡಿಯಾ ಕಾರ್ಡ್ ಇದ್ದರೆ ಅದರ ಮಾಡ್ಯೂಲ್ ಹೊಸ ಕರ್ನಲ್‌ಗೂ ಹೊಂದಬೇಕು.

ನಾನು ಒಮ್ಮೆ ಬುದ್ಧಿಗೆಟ್ಟು, ಸೀಸನ್ ನಡುವೆ, ರಾತ್ರಿ ಹನ್ನೊಂದಕ್ಕೆ ಇಂಥ ಕರ್ನಲ್ ಹಾಕಲು ಕೂತೆ. ಬೂಟ್ ಪಾರ್ಟಿಷನ್‌ನಲ್ಲಿ ಜಾಗ ಇಲ್ಲ ಅಂತ ಹಳೆಯದನ್ನು ಅಳಿಸಿದೆ. ಹೊಸದು ಬರೆಯುತ್ತಿರುವಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಎರಡು ವರ್ಷ ಹಳೆಯದು, ಕುಂಯ್ ಅಂತ ಒಮ್ಮೆ ಕೂಗಿ ಸುಮ್ಮನಾಯಿತು. ಬೆಳಗ್ಗೆ ಹತ್ತಕ್ಕೆ ಆಲ್ಬಮ್ ಕೊಡಬೇಕಿತ್ತು. ಲೈವ್ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಕ್ರೂಟ್ ಹಾಕಿ, ಕರ್ನಲ್ ಮತ್ತೆ ಕೂರಿಸುವಷ್ಟರಲ್ಲಿ ಹಾಲಿನವನು ಬಂದಿದ್ದ. ಹಳೆಯ ಕರ್ನಲನ್ನು ಬೂಟ್ ಮೆನುವಿನಿಂದ ಯಾವತ್ತೂ ತೆಗೆಯಬೇಡಿ. ಶೆಡ್-ಎಕ್ಸ್ಟ್ ಇರುವಾಗ ಬೋರ್‌ಗಾಗಿ ಈ ಪಾಡು ಪಡುವ ಅಗತ್ಯ ಈಗ ನನಗೆ ಕಾಣುತ್ತಿಲ್ಲ.

ಇನ್ನು ಅಪ್‌ಡೇಟ್ ವಿಷಯ. ಎಸ್‌ಸಿಎಕ್ಸ್ ಶೆಡ್ಯೂಲರುಗಳು ಕರ್ನಲ್ ಜೊತೆ ಹೊಂದಿಕೊಂಡೇ ಬೆಳೆಯುತ್ತಿವೆ. ಕರ್ನಲ್ ಮಾತ್ರ ಹೊಸದಾಗಿ, ಶೆಡ್ಯೂಲರ್ ಪ್ಯಾಕೇಜ್ ಹಳೆಯದೇ ಉಳಿದರೆ ಅದು ಹತ್ತದೇ ಇರಬಹುದು. ಹತ್ತದಿದ್ದರೆ ಸದ್ದಿಲ್ಲದೆ ಇಇವಿಡಿಎಫ್ ಓಡುತ್ತಿರುತ್ತದೆ, ಪರದೆ ಮೇಲೆ ಏನೂ ಹೇಳುವುದಿಲ್ಲ. ಮಸ್ಕಿಯ ತಮ್ಮ ಹದಿನೈದು ದಿನ ಹೀಗೇ ಓಡಿಸಿ, "ಬಿಪಿಎಫ್‌ಲ್ಯಾಂಡ್ ಯಾಕೋ ಮದ್ಲಿನಂಗ ಇಲ್ಲಣ್ಣ" ಅಂತ ಫೋನ್ ಮಾಡಿದ್ದ. ಸ್ಟೇಟ್ ಫೈಲ್ ನೋಡು ಅಂದೆ. ಡಿಸೇಬಲ್ಡ್ ಅಂತ ಬಂತು.